ಪದಬಂಧದಷ್ಟೇ ಜಾಗ ಸಾಕು, ಒಂದು ಹೆಣಿಗೆ ಚಾರ್ಟ್ ಹಾಕಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಭಾನುವಾರದ ಪುರವಣಿಯಲ್ಲಿ ಪದಬಂಧಕ್ಕೆ ಎಷ್ಟು ಜಾಗ ಬಿಡ್ತೀರೋ ಅಷ್ಟೇ ಜಾಗವನ್ನ ತಿಂಗಳಿಗೊಂದ್ಸಲ ಒಂದು ಹೆಣಿಗೆ ಚಾರ್ಟಿಗೆ, ಅಂದ್ರೆ ಚೌಕಳಿ ಮೇಲೆ ಗುರುತು ಹಾಕಿ ತೋರಿಸೋ ಡಿಸೈನಿಗೆ, ಕೊಡಿ ಅಂತ ಕೇಳೋಕೆ ಈ ಪತ್ರ ಬರೀತಿದೀನಿ. ನಮ್ಮ ತೀರ್ಥಹಳ್ಳಿ ಕಡೆ ಹಳ್ಳಿಗಳಿಗೆ ಪೇಪರ್ ಬೆಳಗಿನ ಬಸ್ಸಲ್ಲಿ ಬರತ್ತೆ, ಮಳೆಗಾಲದಲ್ಲಿ ಅರ್ಧ ಒದ್ದೆ ಆಗಿರತ್ತೆ, ಆದ್ರೂ ಒಲೆ ಹತ್ರ ಹಿಡಿದು ಒಣಗಿಸ್ಕೊಂಡು ಕೊನೇ ಪುಟದ ತನಕ ಓದೋರು ನಾವು. ಪುರವಣಿಯಲ್ಲಿ ಅಡುಗೆ ಬರತ್ತೆ, ಕೈತೋಟ ಬರತ್ತೆ, ಸೌಂದರ್ಯದ ಟಿಪ್ಸ್ ಬರತ್ತೆ, ಎಲ್ಲಾ ಚೆನ್ನಾಗೇ ಇರತ್ತೆ. ಆದ್ರೆ ಕಡ್ಡಿ ಹಿಡಿದು ಉಲ್ಲನ್ ಹೆಣೆಯೋ ಹೆಂಗಸರು ಮಲ್ನಾಡಲ್ಲಿ ಎಷ್ಟು ಮನೇಲಿ ಇದಾರೆ, ಅವರಿಗೆ ಅಂತ ಎಂತದೂ ಬರಲ್ಲ. ನಮ್ಮಮ್ಮನ ಟ್ರಂಕಲ್ಲಿ ಹಳೇ ಪತ್ರಿಕೆಗಳಿಂದ ಕತ್ತರಿಸಿ ಇಟ್ಟ ಸ್ವೆಟರ್ ಡಿಸೈನುಗಳು ಈಗ್ಲೂ ಇದಾವೆ, ಕಾಗದ ಹಳದಿ ಆಗಿದೆ ಆದ್ರೆ ಒಂದೊಂದು ಸಾಲೂ ಓದೋಕೆ ಬರತ್ತೆ. ಹಂಗಾಗಿ ನಾನು ಹೊಸದೇನೂ ಕೇಳ್ತಿಲ್ಲ, ನಿಂತುಹೋಗಿದ್ದನ್ನ ಮತ್ತೆ ಶುರು ಮಾಡಿ ಅಂತಿದೀನಿ ಅಷ್ಟೆ.

ಈಗ್ಲೇ ಕೇಳೋಕೆ ಕಾರಣ ಇದೆ. ಆರಿದ್ರಾ ಮಳೆ ಹೊತ್ತಿಗೆ ಹಿಡಿದಿದ್ದ ಲೇಸ್ ಶಾಲು, ಅಂದ್ರೆ ತೂತು ತೂತಿನ ಡಿಸೈನಿನ ಶಾಲು, ಈ ದಸರಾ ಹೊತ್ತಿಗೆ ಮುಗೀತು. ಹಬ್ಬಕ್ಕೆ ಬಂದ ನೆಂಟರು, ಅಕ್ಕಪಕ್ಕದ ಮನೆಯೋರು ಎಲ್ರೂ ಕೈಲಿ ಹಿಡಿದು ನೋಡಿ ಕೇಳಿದ್ದು ಒಂದೇ ಮಾತು, ಇದರ ಡಿಸೈನ್ ನಮಗೂ ಕೊಡು ಮಾರಾಯ್ತಿ ಅಂತ. ಕೊಡೋಕೆ ನನ್ಹತ್ರ ಇರೋದು ಇಂಗ್ಲಿಷಿನ ಪ್ರಿಂಟೌಟು, ಅದರ ಮೇಲೆ ನಾನು ಪೆನ್ಸಿಲಲ್ಲಿ ಕನ್ನಡದಲ್ಲಿ ಬರ್ಕೊಂಡ ಗುರುತುಗಳು. ಅದನ್ನ ಎಷ್ಟು ಜನಕ್ಕೆ ಜೆರಾಕ್ಸ್ ಮಾಡಿ ಹಂಚೋದು? ಪೇಪರಲ್ಲಿ ಬಂದ್ರೆ ಒಂದೇ ದಿನ ಸಾವಿರ ಮನೆಗೆ ಹೋಗತ್ತಲ್ಲ ಅಂತ ಆವತ್ತೇ ಅನ್ನಿಸ್ತು.

ಶಾಲಿನ ಲೆಕ್ಕ ಒಂಚೂರು ಹೇಳ್ತೀನಿ, ಯಾಕಂದ್ರೆ ಅದು ಅಷ್ಟು ಚಂದ ಇದೆ. ನಡುವಿಂದ ಶುರುವಾಗೋ ದುಂಡನೆ ಶಾಲು ಅದು. ಎಲಿಜಬೆತ್ ಜಿಮ್ಮರ್‌ಮನ್ ಅಂತ ಒಬ್ರು ಇದ್ರು, 1910ರಲ್ಲಿ ಇಂಗ್ಲೆಂಡಲ್ಲಿ ಹುಟ್ಟಿ ಆಮೇಲೆ ಅಮೆರಿಕದಲ್ಲಿ ನೆಲೆಸಿದೋರು, 1999ರಲ್ಲಿ ತೀರ್ಕೊಂಡ್ರು, ಮನೇಲಿ ಕೂತು ಹೆಣೆಯೋ ಹೆಂಗಸಿಗೆ ತಲೆ ಓಡಿಸೋದನ್ನ ಕಲಿಸಿದ ತಾಯಿ ಅವರು. ವೃತ್ತದ ತ್ರಿಜ್ಯ ಎರಡು ಪಟ್ಟಾದ್ರೆ ಸುತ್ತಳತೆಯೂ ಎರಡು ಪಟ್ಟಾಗತ್ತೆ ಅಂತ ಹೈಸ್ಕೂಲಲ್ಲಿ ಎಲ್ರೂ ಓದಿರ್ತೀವಲ್ಲ, ಅವರು ಅದನ್ನೇ ಹಿಡ್ಕೊಂಡು ಶಾಲು ಮಾಡಿದ್ರು. ನಡುವಲ್ಲಿ 9 ಕುಣಿಕೆ, ಒಂದು ಸುತ್ತು ಹೆಣೆದು ಅದನ್ನ 18 ಮಾಡ್ಬೇಕು, ಅಲ್ಲಿಂದ 3 ಸುತ್ತು ಆದ್ಮೇಲೆ 36, ಮತ್ತೆ 6 ಸುತ್ತಿಗೆ 72, 12 ಸುತ್ತಿಗೆ 144, 24 ಸುತ್ತಿಗೆ 288, 48 ಸುತ್ತಿಗೆ 576. ಕುಣಿಕೆ ಹೆಚ್ಚಿಸೋದು ಆ ಒಂದೊಂದು ಸುತ್ತಲ್ಲಿ ಮಾತ್ರ, ಮಧ್ಯದ ಪಟ್ಟಿಗಳಲ್ಲಿ ಲೆಕ್ಕ ಬದಲಾಗೋದೇ ಇಲ್ಲ, ಹಂಗಾಗಿ ಆ ಪಟ್ಟಿಗಳಲ್ಲಿ ನಮಗೆ ಬೇಕಾದ ಲೇಸ್ ಡಿಸೈನ್ ಕೂರಿಸ್ಕೋಬಹುದು, ಡಿಸೈನಿನ ಕುಣಿಕೆ ಸಂಖ್ಯೆಯಿಂದ ಪಟ್ಟಿಯ ಕುಣಿಕೆ ಸರಿಯಾಗಿ ಭಾಗ ಆದ್ರೆ ಸಾಕು.

ನಾನು ಕೂರಿಸಿದ್ದು ಅಲೆ ಅಲೆಯಾಗಿ ಬರೋ ಒಂದು ಹಳೇ ಡಿಸೈನ್. ಸ್ಕಾಟ್ಲೆಂಡಿನ ಉತ್ತರಕ್ಕೆ ಶೆಟ್‌ಲ್ಯಾಂಡ್ ಅಂತ ದ್ವೀಪಗಳಿವೆ, ಅಲ್ಲಿ ಇದನ್ನ ಓಲ್ಡ್ ಶೇಲ್ ಅಂತಾರೆ. ಅದರಲ್ಲೂ ಅನ್‌ಸ್ಟ್ ಅನ್ನೋ ದ್ವೀಪದ ಹೆಂಗಸರು ಎಷ್ಟು ಸಣ್ಣ ನೂಲಲ್ಲಿ ಹೆಣೀತಿದ್ರು ಅಂದ್ರೆ ದೊಡ್ಡ ಶಾಲನ್ನ ಮದುವೆ ಉಂಗುರದೊಳಗಿಂದ ಎಳೆದು ಆಚೆ ತೆಗೀಬಹುದಿತ್ತು. ಅಲ್ಲೂ ಮಳೆ, ಗಾಳಿ, ಮೋಡ, ಮನೆಯೊಳಗೆ ಕೂತು ಮಾಡೋ ಕೆಲಸ, ಅದಕ್ಕೇ ನಂಗೆ ಆ ಊರಿನ ಮೇಲೆ ಒಂದು ಪ್ರೀತಿ. ಡಿಸೈನ್ ಇಷ್ಟೇ, ಬೇಕಾದೋರು ಇಲ್ಲಿಂದ್ಲೇ ಬರ್ಕೊಳ್ಳಿ. 18 ಕುಣಿಕೆಗೆ ಒಂದು ಅಲೆ. ಕಡ್ಡಿ ತಿರುಗಿಸ್ಕೊಂಡು ಹೆಣೆಯೋರಿಗೆ ಹೇಳ್ತೀನಿ, ಮೊದಲ ಸಾಲು ಪೂರ್ತಿ ನೇರ (ನಯವಾದ ಮುಖ ನಮ್ಮ ಕಡೆ ಬರೋ ಹೆಣಿಗೆ), ಎರಡನೇದು ಪೂರ್ತಿ ಉಲ್ಟಾ (ಉಬ್ಬಿನ ಮುಖ ನಮ್ಮ ಕಡೆ ಬರೋದು), ಮೂರನೇ ಸಾಲಲ್ಲಿ ಎರಡೆರಡು ಕುಣಿಕೆ ಸೇರಿಸಿ ಹೆಣೆಯೋದು ಮೂರು ಸಲ, ಆಮೇಲೆ ಕಡ್ಡಿಗೆ ದಾರ ಸುತ್ತಿ ಒಂದು ನೇರ ಹೆಣೆಯೋದು ಆರು ಸಲ, ಮತ್ತೆ ಎರಡೆರಡು ಸೇರಿಸೋದು ಮೂರು ಸಲ, ನಾಲ್ಕನೇ ಸಾಲು ಹಿಂಬದಿಯಿಂದ ಪೂರ್ತಿ ನೇರ. ದುಂಡಗೆ ಹೆಣೆಯೋರು ಎರಡನೇ ಸುತ್ತು ನೇರ, ನಾಲ್ಕನೇ ಸುತ್ತು ಉಲ್ಟಾ ಮಾಡ್ಕೋಬೇಕು. ದಾರ ಸುತ್ತಿದಾಗ ಒಂದು ತೂತು ಬರತ್ತೆ, ಒಂದು ಕುಣಿಕೆ ಜಾಸ್ತಿ ಆಗತ್ತೆ, ಎರಡು ಸೇರಿಸಿದಾಗ ಒಂದು ಕಮ್ಮಿ ಆಗತ್ತೆ, ಇಲ್ಲಿ ಆರು ಜಾಸ್ತಿ ಆರು ಕಮ್ಮಿ, ಮತ್ತೆ 18ಕ್ಕೇ ಬಂದು ನಿಂತ್ವಿ. ಲೇಸ್ ಅಂದ್ರೆ ಈ ಕೂಡು ಕಳೆಯೇ, ಅದಕ್ಕಿಂತ ಹೆಚ್ಚಿಗೆ ಗುಟ್ಟು ಎಂತದೂ ಇಲ್ಲ. ಇನ್ನೊಂದು ನೋಡಿ, 36, 72, 144, 288, 576 ಎಲ್ಲಾನೂ 18ರಿಂದ ಭಾಗ ಆಗತ್ತೆ, 12, 24, 48 ಸುತ್ತುಗಳು ನಾಲ್ಕು ಸಾಲಿನ ಡಿಸೈನಿಗೆ ಸರಿಯಾಗಿ ಕೂರತ್ತೆ. ಇದನ್ನ ಕಾಗದದ ಮೇಲೆ ಹಾಕಿ ನೋಡಿದ ದಿನ ನಂಗೆ ರಾತ್ರಿ ನಿದ್ದೆ ಬರಲಿಲ್ಲ ಅಷ್ಟು ಖುಷಿ.

ಈಗ ನೋಡಿ, ಮೇಲೆ ಬರೆದಿದ್ದೆಲ್ಲ ಎಷ್ಟು ಉದ್ದ ಆಯ್ತು. ಇದೇ ಚಾರ್ಟಲ್ಲಿ 18 ಚೌಕ ಅಡ್ಡ, 4 ಚೌಕ ಉದ್ದ, ಮುಗೀತು. ತೂತಿಗೆ ಒಂದು ಸೊನ್ನೆ, ಎರಡು ಸೇರಿಸೋದಕ್ಕೆ ಒಂದು ಓರೆ ಗೆರೆ, ಉಲ್ಟಾಕ್ಕೆ ಒಂದು ಚುಕ್ಕಿ. ಚಾರ್ಟನ್ನ ಕೆಳಗಿಂದ ಮೇಲೆ ಓದ್ಬೇಕು, ಮುಂಬದಿಯ ಸಾಲನ್ನ ಬಲದಿಂದ ಎಡಕ್ಕೆ, ಹಿಂಬದಿಯ ಸಾಲನ್ನ ಎಡದಿಂದ ಬಲಕ್ಕೆ, ಯಾಕಂದ್ರೆ ಕೈಲಿರೋ ಹೆಣಿಗೆ ಹಂಗೇ ಬೆಳೆಯೋದು. ದುಂಡಗೆ ಹೆಣೆಯೋರಿಗೆ ಎಲ್ಲಾ ಸುತ್ತೂ ಬಲದಿಂದ್ಲೇ. ಇಷ್ಟು ಒಂದ್ಸಲ ಗೊತ್ತಾದ್ರೆ ಇಂಗ್ಲಿಷ್ ಬರ್ದಿದ್ರೂ, ಓದೋಕೆ ಕಣ್ಣು ಮಂಜಾದ್ರೂ ಡಿಸೈನ್ ಹಿಡೀಬಹುದು.

ಯೂಟ್ಯೂಬ್ ಇದೆಯಲ್ಲ, ಅದ್ರಲ್ಲಿ ನೋಡಿ ಕಲೀರಿ ಅಂತ ಪೇಟೆಯೋರು ಹೇಳ್ತಾರೆ. ಅವರಿಗೆ ನಮ್ಮ ಊರಿನ ನೆಟ್‌ವರ್ಕ್ ಗೊತ್ತಿಲ್ಲ. ಜೋರು ಮಳೆ ಬಂದ್ರೆ ಕರೆಂಟ್ ಹೋಗತ್ತೆ, ಕರೆಂಟ್ ಹೋದ್ರೆ ಟವರ್ ಹೋಗತ್ತೆ, ವಿಡಿಯೋ ಸುತ್ತುತ್ತಾ ನಿಂತ್ಕೊಳ್ಳತ್ತೆ. ಎರಡೂ ಕೈಯಲ್ಲಿ ಕಡ್ಡಿ ಇರೋವಾಗ ಫೋನ್ ಸ್ಕ್ರೀನ್ ಆಫ್ ಆಗಿ ಆಗಿ ಅದನ್ನ ಮುಟ್ಟಿ ಮುಟ್ಟಿ ಎಬ್ಬಿಸ್ತಾ ಇರ್ಬೇಕು. ಕಾಗದ ಆದ್ರೆ ಮಡಿಲಲ್ಲಿಟ್ಕೊಂಡು ಸಾಲಿನ ಕೆಳಗೆ ಒಂದು ಸ್ಕೇಲ್ ಇಟ್ಟು, ಮುಗಿದ ಸಾಲಿಗೆ ಪೆನ್ಸಿಲಲ್ಲಿ ಗೀಟು ಹಾಕ್ತಾ ಹೋದ್ರೆ ಆಯ್ತು. ನಾನು ಈ ಶಾಲು ಹಂಗೇ ಮಾಡಿದ್ದು, ಬೆಳಕಿದ್ದಾಗ ತೂತಿನ ಸುತ್ತು, ಕರೆಂಟ್ ಇಲ್ದಾಗ ಬುಡ್ಡಿ ದೀಪದಲ್ಲಿ ಬರೀ ನೇರ ಸುತ್ತು. ಒಂದೊಂದು ಪಟ್ಟಿ ಮುಗಿದಾಗ ಬೇರೆ ಬಣ್ಣದ ಹೊಲಿಗೆ ದಾರವನ್ನ ಎಲ್ಲಾ ಕುಣಿಕೆಯೊಳಗೆ ಪೋಣಿಸಿ ಬಿಡ್ಬೇಕು, ಮುಂದೆ ಎಲ್ಲಾದ್ರೂ ಬಿಚ್ಚಬೇಕಾದ್ರೆ ಆ ದಾರದ ತನಕ ಮಾತ್ರ ಬಿಚ್ಚತ್ತೆ. ಲೇಸ್ ಕಲಿಯೋರು ಯಾರೇ ಆದ್ರೂ ಈ ದಾರ ಇಲ್ದೆ ಶುರು ಮಾಡ್ಬೇಡಿ.

ಕಡ್ಡಿ ನಂಬರಿನ ಗೋಜಲು ಇನ್ನೊಂದು. ನಮ್ಮಲ್ಲಿ ಅಂಗಡೀಲಿ 8 ನಂಬರ್ ಕಡ್ಡಿ ಕೊಡಿ ಅಂದ್ರೆ ಹಳೇ ಇಂಗ್ಲೆಂಡ್ ಲೆಕ್ಕದಲ್ಲಿ 4 ಮಿಲಿಮೀಟರ್ ಕಡ್ಡಿ, ನಂಬರ್ ಏರಿದಷ್ಟೂ ಕಡ್ಡಿ ಸಣ್ಣ. ಇಂಟರ್‌ನೆಟ್ಟಿಂದ ತೆಗೆದ ಅಮೆರಿಕದ ಡಿಸೈನಲ್ಲಿ 8 ಅಂದ್ರೆ 5 ಮಿಲಿಮೀಟರ್, ಅಲ್ಲಿ ನಂಬರ್ ಏರಿದಷ್ಟೂ ಕಡ್ಡಿ ದಪ್ಪ. ಇದು ಗೊತ್ತಿಲ್ದೆ ಎಷ್ಟೋ ಹುಡುಗೀರು ಅಳತೆ ಸರಿ ಬರ್ಲಿಲ್ಲ ಅಂತ ಕಡ್ಡಿ ಮೂಲೆಗಿಟ್ಟಿದಾರೆ. ನೀವು ಹಾಕೋದಾದ್ರೆ ದಯವಿಟ್ಟು ಮಿಲಿಮೀಟರಲ್ಲೇ ಹಾಕಿ.

ಕಡ್ಡಿಯಿಂದ ಇಳಿಸಿದ ಲೇಸ್ ಶಾಲು ನೋಡೋಕೆ ಎಂತದೂ ಅನ್ನಿಸಲ್ಲ. ಮುದುಡಿ, ಸುಕ್ಕು ಸುಕ್ಕಾಗಿ, ಹಿಂಡಿಟ್ಟ ಒರೆಸೋ ಬಟ್ಟೆ ಥರ ಇರತ್ತೆ. ನಮ್ಮತ್ತೆ ಅದನ್ನ ನೋಡಿ ಇಷ್ಟು ದಿನ ಕೂತು ಮಾಡಿದ್ದು ಇದನ್ನಾ ಅಂತ ಬೇಜಾರಲ್ಲೇ ಕೇಳಿದ್ರು, ಅವರಿಗೆ ನನ್ನ ಕಣ್ಣಿನ ಚಿಂತೆ. ಅಸಲಿ ಕೆಲಸ ಅಲ್ಲಿಂದ ಆಚೆ ಇದೆ, ಅದನ್ನ ಬ್ಲಾಕಿಂಗ್ ಅಂತಾರೆ. ಮೊದಲು ಅಂಚು ಸಡಿಲಾಗಿ ಮುಚ್ಚಿರ್ಬೇಕು, ಎರಡು ಕುಣಿಕೆ ಸೇರಿಸಿ ಹೆಣೆದು, ಬಂದ ಒಂದನ್ನ ವಾಪಸ್ ಎಡಗೈ ಕಡ್ಡಿಗೆ ಹಾಕಿ, ಪಕ್ಕದ್ದರ ಜೊತೆ ಮತ್ತೆ ಸೇರಿಸಿ, ಹಿಂಗೇ 576 ಕುಣಿಕೆಯೂ. ಬಿಗಿಯಾಗಿ ಮುಚ್ಚಿದ್ರೆ ಅಂಚು ಒಳಗೆ ಎಳ್ಕೊಂಡು ದುಂಡು ಶಾಲು ಚಪ್ಪಟೆ ಕೂರೋದೇ ಇಲ್ಲ. ಆಮೇಲೆ ಉಗುರು ಬೆಚ್ಚಗಿನ ನೀರಿಗೆ ಒಂಚೂರು ಅಂಟುವಾಳದ ನೊರೆ ಹಾಕಿ ಅರ್ಧ ಗಂಟೆ ನೆನೆಸಿ, ತಿರುಚದೇ ಅಂಗೈಯಲ್ಲಿ ಒತ್ತಿ ನೀರು ತೆಗೆದು, ಟವೆಲಲ್ಲಿ ಸುತ್ತಿ ಮತ್ತೆ ಒತ್ತಿ, ಹಾಸಿಗೆ ಮೇಲೆ ಹಳೇ ಪಂಚೆ ಹಾಸಿ ಅದರ ಮೇಲೆ ಎಳೆದು ಎಳೆದು ಪಿನ್ ಚುಚ್ಚಬೇಕು. ಪಿನ್ ತುಕ್ಕು ಹಿಡಿಯದ ಸ್ಟೀಲಿಂದೇ ಆಗ್ಬೇಕು, ನಮ್ಮ ಥಂಡಿಗೆ ಬೇರೆ ಪಿನ್ ಒಂದೇ ರಾತ್ರಿಗೆ ತುಕ್ಕು ಬಿಟ್ಟು ಶಾಲಿಗೆ ಕಲೆ ಆಗತ್ತೆ, ಆ ಕಲೆ ಹೋಗಲ್ಲ. ಉಣ್ಣೆಯ ಎಳೆ ಒದ್ದೆಯಾದಾಗ ಒಳಗಿನ ಹಿಡಿತ ಸಡಿಲ ಆಗತ್ತೆ, ಯಾವ ಆಕಾರದಲ್ಲಿ ಎಳೆದು ಒಣಗಿಸ್ತೀವೋ ಅದೇ ಆಕಾರ ಹಿಡ್ಕೊಳ್ಳತ್ತೆ. ಪಿನ್ ಚುಚ್ತಾ ಹೋದಂಗೆ ಒಂದೊಂದೇ ತೂತು ಕಣ್ಣು ಬಿಡತ್ತೆ, ಅಲೆಗಳು ಬೇರೆ ಬೇರೆಯಾಗಿ ಕಾಣ್ತಾವೆ, ಅಲ್ಲೇ ನಿಂತಿದ್ದ ನಮ್ಮತ್ತೆ ತಾವೇ ಆಚೆ ಕಡೆಯಿಂದ ಎಳೆದು ಹಿಡಿದ್ರು.

ಒಣಗಿಸೋದು ಮಾತ್ರ ನಮ್ಮ ಕಡೆ ದೊಡ್ಡ ಕೆಲಸ. ಆಗುಂಬೆ ನಮ್ಮದೇ ತಾಲ್ಲೂಕು, ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮೇಲೆ ಮಳೆ ಬೀಳೋ ಜಾಗ. ಜುಲೈ ಆಗಸ್ಟಲ್ಲಿ ಉಣ್ಣೆ ನೆನೆಸಿದ್ರೆ ಬೂಷ್ಟು ಹಿಡಿಯೋದು ಖಾತ್ರಿ. ಹಂಗಾಗಿ ಮಳೆ ಹಿಂದಾಗೋ ತನಕ ಕಾದು, ಬಚ್ಚಲ ಒಲೆಯ ಬಿಸಿ ತಾಗೋ ಮಹಡಿ ಕೋಣೆಯಲ್ಲಿ, ಹೊಗೆ ಬರ್ದೇ ಇರೋ ಕಡೆ ಹಾಸಿ ಒಣಗಿಸಿದ್ದು. ಬಿಸಿಲಿಗೆ ಹಾಕ್ಬೇಡಿ, ಬಣ್ಣ ಹೋಗತ್ತೆ.

ಉಲ್ಲನ್ ವಿಷಯಾನೂ ಹೇಳ್ಬೇಕು. ನಂಗೆ ಶಿವಮೊಗ್ಗದ ಅಂಗಡಿಗಳಲ್ಲಿ ಸಿಗೋದು ಬಹುಪಾಲು ಅಕ್ರಿಲಿಕ್, ಅದು ಪ್ಲಾಸ್ಟಿಕ್ಕಿನ ಎಳೆ, ನೀರಲ್ಲಿ ನೆನೆಸಿ ಎಳೆದು ಪಿನ್ ಹಾಕಿದ್ರೂ ಪಿನ್ ತೆಗೆದ ಕೂಡ್ಲೇ ವಾಪಸ್ ಮುದುಡತ್ತೆ. ಲೇಸಿಗೆ ಮೆರಿನೋ ಥರದ ಅಸಲಿ ಉಣ್ಣೆ ಬೇಕು, ಲೂಧಿಯಾನದ ಮಿಲ್ಲುಗಳ ನೂಲು, ಅದಕ್ಕೆ ಉಣ್ಣೆ ಬರೋದು ಹೆಚ್ಚಾಗಿ ಆಸ್ಟ್ರೇಲಿಯಾದಿಂದ. ಸ್ವೆಟರ್ ಉಲ್ಲನ್ 100 ಗ್ರಾಮಿಗೆ ಇನ್ನೂರು ಇನ್ನೂರೈವತ್ತು ಮೀಟರ್ ಬಂದ್ರೆ ಎರಡೆಳೆಯ ಲೇಸ್ ನೂಲು ಅಷ್ಟೇ ತೂಕಕ್ಕೆ 800 ಮೀಟರ್ ಹತ್ರ ಬರತ್ತೆ. ಅಂದ್ರೆ ಒಂದು ಲಡಿಯಲ್ಲಿ ಮೈತುಂಬ ಹೊದೆಯೋ ಶಾಲು ಬಹುಮಟ್ಟಿಗೆ ಆಗೇ ಹೋಗತ್ತೆ. ಕಲಿಯೋರು ಮೊದಲು ಮನೇಲಿರೋ ಅಕ್ರಿಲಿಕ್ಕಲ್ಲೇ ಒಂದು ಮಫ್ಲರ್ ಹೆಣೆದು ಕೈ ಪಳಗಿಸ್ಕೊಳ್ಳಿ, ಓಲ್ಡ್ ಶೇಲ್ ಅದ್ರಲ್ಲೂ ಅಲೆ ಕೊಡತ್ತೆ.

ಒಂದು ಪ್ರಾರ್ಥನೆ ಇದೆ. ಹೆಂಗಸರ ಕೈಕೆಲಸ ಅಂದ ಕೂಡ್ಲೇ ಪತ್ರಿಕೆಗಳಲ್ಲಿ ಸ್ವಉದ್ಯೋಗ, ತಿಂಗಳಿಗೆ ಇಷ್ಟು ಸಂಪಾದನೆ, ಯಶೋಗಾಥೆ ಅಂತಾನೇ ಬರತ್ತೆ. ಸಂಪಾದನೆ ಮಾಡೋರಿಗೆ ನನ್ನ ನಮಸ್ಕಾರ, ಅದು ಬೇಕು. ಆದ್ರೆ ಲೇಸ್ ಶಾಲಿಗೆ ಕೂಲಿ ಲೆಕ್ಕ ಹಾಕಿದ್ರೆ ಯಾರೂ ಕೊಳ್ಳೋ ರೇಟಿಗೆ ಬರೋದೇ ಇಲ್ಲ, ಹಬ್ಬಕ್ಕೆ ಬಂದೋರೊಬ್ರು ಇದನ್ನ ಐನೂರಕ್ಕೆ ಕೊಡ್ತೀಯಾ ಅಂತ ಒಳ್ಳೇ ಮನಸ್ಸಿಂದ್ಲೇ ಕೇಳಿದ್ರು, ನಾನು ಕೊಡಲ್ಲ ಅಂದೆ. ದುಡ್ಡಿಗೆ ಬರ್ದೇ ಇರೋ ಕೆಲಸಕ್ಕೂ ಪೇಪರಲ್ಲಿ ಜಾಗ ಇರ್ಬೇಕು, ಪದಬಂಧ ಬಿಡಿಸೋದ್ರಿಂದ ಯಾರಿಗೂ ಸಂಪಾದನೆ ಇಲ್ಲ, ಆದ್ರೂ ನೀವು ಅದನ್ನ ಒಂದು ವಾರಾನೂ ತಪ್ಪಿಸಲ್ಲ ಅಲ್ದಾ. ಬೇಕಾದ್ರೆ ಇನ್ನೊಂದು ಮಾತು, ನಮ್ಮಲ್ಲಿ ಸನ್ಮಾನ ಅಂದ್ರೆ ಶಾಲು ಹೊದಿಸ್ತೀವಿ, ಊರಿನ ಟೀಚರಿಗೋ ಸೂಲಗಿತ್ತಿಗೋ ಊರೋರೇ ಹೆಣೆದ ಶಾಲು ಹೊದಿಸಿದ್ರೆ ಎಷ್ಟು ಚಂದ.

ಈಗ ಕೈ ಖಾಲಿ ಇಲ್ಲ, ಮೂರು ಶುರುವಾಗಿದೆ. ತಂಗಿ ಮಗಳ ಬಾಣಂತನ ನಮ್ಮನೇಲೇ, ಮಗುವಿಗೆ ಒಂದು ಹೊದಿಕೆ. ಅದಕ್ಕೆ ಲೇಸ್ ಬೇಡ ಅಂತ ನಾನೇ ನಿರ್ಧಾರ ಮಾಡಿದೀನಿ, ದೊಡ್ಡ ತೂತಿದ್ರೆ ಎಳೇ ಮಗುವಿನ ಬೆರಳು ಸಿಕ್ಕಾಕ್ಕೊಳ್ಳತ್ತೆ, ಒತ್ತೊತ್ತಾಗಿ ನೇರ ಉಲ್ಟಾ ಚೌಕದ ಡಿಸೈನು, ದಿನಾ ತೊಳೆಯೋಕೆ ಆಗೋ ಮೆತ್ತನೆ ನೂಲು. ಎರಡನೇದು ಅಡಿಕೆ ಸುಲಿಯೋ ಕಾಲಕ್ಕೆ ಅಂತ ಇಟ್ಕೊಂಡ ಕಂದು ಬಣ್ಣದ ಮಂಕಿ ಕ್ಯಾಪು, ಮನೆಯೋರಿಗೆ. ಇನ್ನು ಕೊನೆಕೊಯ್ಲು ಶುರುವಾದ್ರೆ ರಾತ್ರಿಯೆಲ್ಲ ಮೆಟ್ಟುಗತ್ತಿ ಮುಂದೆ ಕೂರೋದೇ, ಕೈಯೆಲ್ಲ ಕಲೆ, ಆ ಕೈಲಿ ಬಿಳಿ ನೂಲು ಮುಟ್ಟೋ ಹಂಗಿಲ್ಲ. ಅಡಿಕೆ ಬೇಯಿಸಿದಾಗ ಉಳಿಯೋ ಚೊಗರು ನೀರಿನ ಬಣ್ಣಕ್ಕೂ ಉಣ್ಣೆಗೂ ಒಳ್ಳೇ ಹೊಂದಿಕೆ ಇದೆ, ಹೆಗ್ಗೋಡಿನ ಚರಕ ಅನ್ನೋ ಕೈಮಗ್ಗದ ಸಂಘದಲ್ಲಿ ಅಡಿಕೆ ಚೊಗರಲ್ಲಿ ಬಟ್ಟೆಗೆ ಬಣ್ಣ ಕಟ್ತಾರೆ, ಅದನ್ನ ನೋಡಿ ನಂಗೂ ಆಸೆ, ಈ ಸಲ ಅಡಿಕೆ ಬೇಯಿಸಿದ ಚೊಗರಲ್ಲಿ ಒಂದು ಲಡಿ ಬಿಳಿ ಉಣ್ಣೆಯನ್ನ ಪಟಿಕದ ನೀರಲ್ಲಿ ಮೊದಲು ನೆನೆಸ್ಕೊಂಡು ಅದ್ದಿ ನೋಡೋದು ಅಂತ. ನಿಧಾನ ಬಿಸಿ ಮಾಡಿ ನಿಧಾನ ಆರಿಸ್ಬೇಕು, ಬಿಸಿ ನೀರಲ್ಲಿ ಉಣ್ಣೆಯನ್ನ ಕಲಕಿದ್ರೆ ಎಳೆ ಎಳೆ ಅಂಟ್ಕೊಂಡು ಗಟ್ಟಿಯಾಗತ್ತೆ. ನಮ್ಮದೇ ಕುರಿ ಉಣ್ಣೆ ಯಾಕೆ ಬೇಡ ಅಂತ ಕೇಳೋರಿಗೆ, ಚಳ್ಳಕೆರೆ ಕಡೆಯ ಕಂಬಳಿ ಉಣ್ಣೆ ಕೊಪ್ಪೆ ಹಾಕ್ಕೊಂಡು ಮಳೇಲಿ ಗದ್ದೆ ಕೆಲಸ ಮಾಡೋರಿಗೆ ಸರಿಯಾದ ಉಣ್ಣೆ, ಒದ್ದೆಯಾದ್ರೂ ಬೆಚ್ಚಗಿರತ್ತೆ, ಆದ್ರೆ ಕುತ್ತಿಗೆಗೆ ಚುಚ್ಚತ್ತೆ, ಅದ್ರಲ್ಲಿ ಕೂರೋ ಆಸನ ಹೆಣೀರಿ, ಎಷ್ಟೋ ವರ್ಷ ಬಾಳಿಕೆ ಬರತ್ತೆ.

ಮೂರನೇದರ ಮೇಲೆ ನನ್ನ ಜೀವ ಇದೆ. ಎಸ್ಟೋನಿಯಾ ದೇಶದಲ್ಲಿ ಹಾಪ್ಸಲು ಅಂತ ಸಮುದ್ರದ ಪಕ್ಕದ ಊರು, ಅಲ್ಲಿನ ಶಾಲುಗಳಲ್ಲಿ ತೂತಿನ ಜೊತೆ ಪುಟ್ಟ ಪುಟ್ಟ ಉಬ್ಬು ಬರತ್ತೆ, ನುಪ್ ಅಂತಾರೆ. ಒಂದೇ ಕುಣಿಕೆಯಿಂದ ಐದೋ ಏಳೋ ಕುಣಿಕೆ ಸಡಿಲಾಗಿ ಎಬ್ಬಿಸಿ, ಮುಂದಿನ ಸಾಲಲ್ಲಿ ಅಷ್ಟನ್ನೂ ಒಟ್ಟಿಗೆ ಉಲ್ಟಾ ಹೆಣೆದು ಮತ್ತೆ ಒಂದು ಮಾಡೋದು. ಅವರು ಅದ್ರಲ್ಲಿ ತಮ್ಮ ಕಾಡಿನ ಹೂವಿನ ಗೊಂಚಲು ಮಾಡಿದ್ರು, ನಾನು ಸುರಗಿ ಮೊಗ್ಗು ಮಾಡ್ತಿದೀನಿ. ಚೌಕಳಿ ಪುಸ್ತಕದಲ್ಲಿ ಬರೆದು ಅಳಿಸಿ ಬರೆದು ಈಗ ಒಂದು ರೂಪಕ್ಕೆ ಬಂದಿದೆ, ಕೊಂಬೆಗೆ ಅಂಟಿದಂಗೆ ಮೊಗ್ಗಿನ ಗುಂಪು, ನಡುವೆ ಎಲೆಯ ಜಾಗಕ್ಕೆ ತೂತಿನ ಸಾಲು. ಇದು ಇನ್ಯಾವ ದೇಶದ ಚಾರ್ಟಲ್ಲೂ ಸಿಗಲ್ಲ. ನನ್ನ ಥರ ಎಷ್ಟು ಮನೇಲಿ ಎಷ್ಟು ಚೌಕಳಿ ಪುಸ್ತಕ ಇರ್ಬಹುದು, ಸೀತಾಳೆ ದಂಡೆಯನ್ನ, ಜರಿಗಿಡದ ಎಲೆಯನ್ನ ಯಾರು ಯಾರು ಬರೆದಿಟ್ಟಿರ್ಬಹುದು, ನೀವು ಕೇಳಿದ್ರೆ ತಾನೇ ಆಚೆ ಬರೋದು.

ಹಾಕೋದಾದ್ರೆ ಇಷ್ಟು ನೋಡ್ಕೊಳ್ಳಿ ಸಾರ್. ಒಂದು ಚೌಕಕ್ಕೆ ಒಂದೇ ಕುಣಿಕೆ, ಗುರುತುಗಳ ಅರ್ಥ ಪ್ರತೀ ಸಲ ಪಕ್ಕದಲ್ಲೇ ಇರ್ಲಿ, ಎಷ್ಟು ಕುಣಿಕೆಗೆ ಒಂದು ಡಿಸೈನ್ ಅಂತ ಮೇಲೆ ಬರೀರಿ, ಗೆರೆಗಳು ಅಚ್ಚಲ್ಲಿ ಮಸುಕಾಗ್ಬಾರ್ದು. ಒಂದು ಚುಕ್ಕಿ ಜಾರಿದ್ರೂ ಓದಿದೋರೆಲ್ಲ ಇಡೀ ಸಾಲು ಬಿಚ್ಚಬೇಕಾಗತ್ತೆ, ಅದಕ್ಕೇ ಅಚ್ಚಿಗೆ ಮುಂಚೆ ಯಾರಾದ್ರೂ ಒಬ್ರು ಅದನ್ನ ಹೆಣೆದು ನೋಡ್ಲೇಬೇಕು, ಬೇರೆ ಯಾರೂ ಸಿಗ್ದಿದ್ರೆ ಆ ಕೆಲಸ ನಾನು ಸಂತೋಷವಾಗಿ ಮಾಡ್ಕೊಡ್ತೀನಿ. ಗ್ರಾಮ ಪಂಚಾಯ್ತಿ ಲೈಬ್ರರಿಗಳಿಗೆ ನಿಮ್ಮ ಪೇಪರ್ ಬರತ್ತೆ, ಅಲ್ಲಿ ಶನಿವಾರ ಮಧ್ಯಾಹ್ನ ನಾಲ್ಕು ಜನ ಕೂತು ಅದೇ ಚಾರ್ಟ್ ಹಿಡಿದು ಹೆಣೆಯೋಕೆ ಜಾಗ ಕೊಟ್ರೆ ಕಲಿಯೋರಿಗೆ ಕಲಿಸೋರೂ ಸಿಗ್ತಾರೆ. ಮೊದಲ ಚಾರ್ಟು ಮೇ ತಿಂಗಳೊಳಗೆ ಬಂದ್ರೆ ಅನುಕೂಲ, ಮಳೆ ಹಿಡಿದ ಮೇಲೆ ಕೊರಿಯರ್ ನಮ್ಮ ಊರಿಗೆ ಸರಿಯಾಗಿ ಬರಲ್ಲ, ಉಲ್ಲನ್ ಮೊದಲೇ ತರಿಸಿ ಡಬ್ಬೀಲಿ ಇಟ್ಕೋಬೇಕು.

ಇಂತಿ ನಮಸ್ಕಾರಗಳೊಂದಿಗೆ,
ನಿಮ್ಮ ಪತ್ರಿಕೆಯ ಹಳೇ ಓದುಗಾರ್ತಿ,
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ